ಡಲ್ಲಾಸ್ ಹಾಸಿಗೆ ವಿಶ್ರಾಂತಿ ಅಧ್ಯಯನ

ಹೃದಯವನ್ನು ಹೆಚ್ಚು ಕುಗ್ಗಿಸುವುದು ವಯಸ್ಸೋ, ನಿಷ್ಕ್ರಿಯತೆಯೋ ಎಂಬ ಪ್ರಶ್ನೆಗೆ ಅಚ್ಚರಿಯ ಉತ್ತರ ಕೊಟ್ಟ ಸಂಶೋಧನೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸೌತ್‌ವೆಸ್ಟರ್ನ್ ವೈದ್ಯಕೀಯ ಶಾಲೆಯಲ್ಲಿ 1966ರಲ್ಲಿ ಬೆಂಗ್ಟ್ ಸಾಲ್ಟಿನ್, ಗುನ್ನಾರ್ ಬ್ಲೋಮ್‌ಕ್ವಿಸ್ಟ್, ಜೆರೆ ಮಿಚೆಲ್ ಮೊದಲಾದವರು ಇದನ್ನು ನಡೆಸಿದರು.

20 ವರ್ಷದ ಐವರು ಆರೋಗ್ಯವಂತ ಯುವಕರು ಮೂರು ವಾರ ಹಾಸಿಗೆ ಹಿಡಿದು ಮಲಗಿದರು. ಅಷ್ಟರಲ್ಲೇ, ಗರಿಷ್ಠ ಶ್ರಮದ ವೇಳೆ ಆಮ್ಲಜನಕ ಬಳಸುವ ಅವರ ದೇಹದ ಸಾಮರ್ಥ್ಯ ಶೇ. 27ರಷ್ಟು ಇಳಿಯಿತು. ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪ್ರಮಾಣ ತಗ್ಗಿದ್ದೇ ಮುಖ್ಯ ಕಾರಣ. ಬಳಿಕದ ಸುಮಾರು ಎಂಟು ವಾರಗಳ ಕಠಿಣ ವ್ಯಾಯಾಮ ಈ ನಷ್ಟವನ್ನು ತುಂಬಿಕೊಟ್ಟಿತು.

ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಲಾಯಿತು. ಸರಾಸರಿ ತೂಕ 77 ಕಿಲೋದಿಂದ 100 ಕಿಲೋಗೆ ಏರಿತ್ತು. ದೇಹದ ಕೊಬ್ಬಿನ ಪ್ರಮಾಣ ಇಮ್ಮಡಿಯಾಗಿತ್ತು. ಆದರೂ ಅವರ ಸಾಮರ್ಥ್ಯವನ್ನು ಮೂರು ದಶಕಗಳ ಮುಪ್ಪಿಗಿಂತ ಮೂರು ವಾರಗಳ ಮಲಗುವಿಕೆಯೇ ಹೆಚ್ಚು ಕುಗ್ಗಿಸಿತ್ತು!

ಈ ಮರುಪರೀಕ್ಷೆಯ ಬಳಿಕ ಆರು ತಿಂಗಳು ಹಂತಹಂತವಾಗಿ ನಡಿಗೆ, ಓಟ, ಸೈಕಲ್ ಅಭ್ಯಾಸ ಮಾಡಿಸಿದಾಗ ಐವರ ಸರಾಸರಿ ಸಾಮರ್ಥ್ಯ 1966ರ ಆರಂಭಿಕ ಮಟ್ಟಕ್ಕೆ ಮರಳಿತು. ಹೃದಯ ಪಂಪು ಮಾಡುವ ರಕ್ತದ ಗರಿಷ್ಠ ಪ್ರಮಾಣ ಹೆಚ್ಚಲಿಲ್ಲ. ಬದಲಿಗೆ, ರಕ್ತದಿಂದ ಆಮ್ಲಜನಕ ಹೀರುವ ದೇಹದ ಶಕ್ತಿ ಹೆಚ್ಚಿತ್ತು. ಈ ಫಲಿತಾಂಶ 2001ರಲ್ಲಿ ‘ಸರ್ಕ್ಯುಲೇಶನ್’ ಪತ್ರಿಕೆಯಲ್ಲಿ ಪ್ರಕಟವಾಯಿತು.