ಗುಡ್ಲು: ಹೆಂಚು ಹಾಕಬಾರದು ಅಂದವರ ಊರಲ್ಲಿ ಸೋಗೆ ಹೊದಿಸಿದ ಕತೆ



ನಮ್ಮಜ್ಜಿಯ ಹಳೇ ಗುಡಿಸಲನ್ನ ಎತ್ತಿ ನಿಲ್ಲಿಸಿ ನಾನು ಅದರಲ್ಲೇ ವಾಸ ಮಾಡ್ತಿರೋದು ಗೊತ್ತಾದ ಮೇಲೆ ಸುಮಾರು ಜನ ಸಂಗಾತಿಗಳು ಫೋನ್ ಮಾಡಿ ಬೈದರು. "ಸೂರಿಗಾಗಿ ನಲವತ್ತು ವರ್ಷ ಬೀದೀಲಿ ಕೂಗಿ, ಈಗ ನೀನೇ ಹೋಗಿ ಗುಡ್ಲಲ್ಲಿ ಕೂತ್ರೆ ಹೆಂಗಣ್ಣ?" ಅಂದ ಒಬ್ಬ ಹುಡುಗ. ಕೇರಿಯ ಒಬ್ಬ ಮುದುಕಿಯಂತೂ ನೇರವಾಗೇ ಕೇಳಿದಳು: "ಓದ್ಸಿ ಆಫೀಸಿಗೆ ಕಳ್ಸಿದ್ದು ಮತ್ತೆ ಬಗ್ಗಿ ನುಗ್ಲಿ ಅಂತಾನಾ ಮಗ?" ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಒಂದೇ ಸಾಲಲ್ಲಿ ಉತ್ತರ ಹೇಳೋಕೆ ಆಗಲ್ಲ, ಅದಕ್ಕೇ ಉದ್ದ ಬರೀತಿದೀನಿ. ಪುರುಸೊತ್ತಿದ್ದಾಗ ಓದಿ.

ಮೊದಲು ಒಂದು ಮಾತು ಬಗೆಹರಿಸಿಕೊಳ್ಳೋಣ. ನಮ್ಮೋರು ಗುಡಿಸಲಲ್ಲಿ ಇದ್ದದ್ದು ಬಡತನಕ್ಕೆ ಅಂತ ಎಲ್ಲರೂ ಹೇಳ್ತಾರೆ. ಬಡತನ ಇತ್ತು, ಸುಳ್ಳಲ್ಲ. ಆದರೆ ಬಡತನ ಅಷ್ಟೇ ಆಗಿದ್ರೆ ನಾಲ್ಕು ಕಾಸು ಕೂಡಿದ ದಿನ ಹೆಂಚು ಹಾಕ್ಕೊಬಹುದಿತ್ತು. ಹಾಕೋಕೆ ಬಿಡ್ತಿರಲಿಲ್ಲ. ಬಾಬಾಸಾಹೇಬರು ಅಸ್ಪೃಶ್ಯರ ಬದುಕಿನ ಬಗ್ಗೆ ಬರೆದ ಬರಹಗಳು ಅವರ ಸಂಪುಟಗಳ 5ನೇ ಭಾಗದಲ್ಲಿವೆ. ಹಳ್ಳಿ ಅನ್ನೋದು ನಮ್ಮ ಮೇಲೆ ಏನೇನು ಅಪರಾಧ ಹೊರಿಸುತ್ತಿತ್ತು ಅಂತ ಅಲ್ಲಿ ಒಂದೊಂದಾಗಿ ಹೇಳ್ತಾರೆ. ಊರಿಗೆ ದೂರ, ದಕ್ಷಿಣ ದಿಕ್ಕಿಗೆ ಇರಬೇಕು. ಭೂಮಿ, ದನ ಮಾಡ್ಕೊಂಡ್ರೆ ತಪ್ಪು. ಒಳ್ಳೇ ಬಟ್ಟೆ, ಚಪ್ಪಲಿ, ಚಿನ್ನ ಹಾಕಿದ್ರೆ ತಪ್ಪು. ಅದೇ ಸಾಲಿನಲ್ಲಿ ಇನ್ನೊಂದಿದೆ: ಹೆಂಚಿನ ಮನೆ ಕಟ್ಟಿದ್ರೆ ತಪ್ಪು. ಹಂಗಾಗಿ ಹುಲ್ಲಿನ ಸೂರು ನಮಗೆ ಒಂದು ಆಜ್ಞೆ ಆಗಿತ್ತು.

ಇದು ಪುಸ್ತಕದ ಮಾತು ಮಾತ್ರ ಅಲ್ಲ. ನಮ್ಮಜ್ಜಿಯ ಮೈದುನ ಒಬ್ಬ ಗಾರೆ ಕೆಲಸಕ್ಕೆ ಮೈಸೂರಿಗೆ ಹೋಗಿ ಬಂದವನು, ಗಾಡಿಯಲ್ಲಿ ನಾಡಹೆಂಚು ತಂದು ಗುಡಿಸಲ ಮುಂದೆ ಜೋಡಿಸಿಟ್ಟಿದ್ದನಂತೆ. ರಾತ್ರಿಗೆ ಜಮೀನ್ದಾರರ ಮನೆಯಿಂದ ಕರೆ ಬಂತು. ಹೊಡೀಲಿಲ್ಲ, ಬಡೀಲಿಲ್ಲ. "ನಮ್ಮ ಕೊಟ್ಟಿಗೆಗೇ ಹೆಂಚಿಲ್ಲ, ನಿಂಗ್ಯಾಕೋ?" ಅಂದರಂತೆ, ಅಷ್ಟೇ. ಬೆಳಗಾಗೋದ್ರೊಳಗೆ ಹೆಂಚು ಅವರ ಕೊಟ್ಟಿಗೆ ಮೇಲೆ ಕೂತಿತ್ತು. ಹೊತ್ತು ಏರಿಸಿದವನು ಅವನೇ. ಅಜ್ಜಿ ಇದನ್ನ ನಗ್ತಾ ಹೇಳೋಳು. ಅದು ಎಂಥಾ ನಗು ಅಂತ ನನಗೆ ತುಂಬಾ ವರ್ಷ ಅರ್ಥ ಆಗಿರಲಿಲ್ಲ.

ಆ ಕಾಲಕ್ಕೆ ಹೆಂಚು ಹೊಸ ವಸ್ತುವೂ ಅಲ್ಲ. ಮಂಗಳೂರಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲೇ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ಪಕ್ಕದ ಮಲಬಾರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಮನೆಗೆ ಹೆಸರು ಕೂಡ ಜಾತಿ ನೋಡಿ. 1887ರ ಮಲಬಾರ್ ಮ್ಯಾನ್ಯುಅಲ್‌ನಲ್ಲಿ ಲೋಗನ್ ಬರೆದಿಟ್ಟಿದ್ದಾನೆ: ಪರಯನ ಮನೆ 'ಚೇರಿ', ಹೊಲದ ಗುಲಾಮ ಚೆರುಮನ ಮನೆ 'ಚಾಳ', ಕಮ್ಮಾರ ಬಡಗಿಗಳದ್ದು 'ಪುರ' ಇಲ್ಲವೇ 'ಕುಡಿ', ನಾಯರದ್ದು 'ವೀಡು', ಬ್ರಾಹ್ಮಣರದ್ದು 'ಇಲ್ಲಂ', ಅದಕ್ಕೂ ಮೇಲಿನವರದ್ದು 'ಮನ', ರಾಜನದ್ದು 'ಕೋವಿಲಗಂ'. ಮಾಡಿನ ಕೆಳಗೆ ಯಾರಿದ್ದಾರೆ ಅಂತ ಹೇಳೋಕೆ ಮನುಷ್ಯನ ಹೆಸರೇ ಬೇಡ, ಮನೆಯ ಹೆಸರು ಸಾಕು.

ಈಗ ಕೆಲಸದ ವಿಷಯಕ್ಕೆ ಬರ್ತೀನಿ. ನಮ್ಮೂರು ಮಂಡ್ಯ ಜಿಲ್ಲೆ, ನಾಲೆ ಬಯಲು. ಗುಡಿಸಲು ಕೇರಿಯ ಹಿಂದೆ, ಜಮೀನ್ದಾರರ ಗದ್ದೆ ಮುಗಿಯೋ ಅಂಚಿನಲ್ಲಿದೆ. ಹನ್ನೆರಡು ಅಡಿಗೆ ಹದಿನೆಂಟು ಅಡಿ. ಅಜ್ಜಿ ಸತ್ತ ಮೇಲೆ ಹೊದಿಕೆ ಕೊಳೆತು ಒಂದು ಕಡೆ ಇಳಿದಿತ್ತು. ಆದರೆ ನಾಲ್ಕು ಜಾಲಿ ಕಂಬ, ಒಲೆ, ಸೊಂಟದೆತ್ತರದ ಮಣ್ಣಿನ ಗೋಡೆ ಹಾಗೇ ನಿಂತಿದ್ವು. ಎರಡು ಬೇಸಿಗೆ ಹಿಂದೆ ಚಿಕ್ಕಪ್ಪ, ನಾನು, ಕೇರಿಯ ಇಬ್ಬರು ಹಿರಿಯರು ಸೇರಿ ಶುರು ಮಾಡಿದ್ವಿ.

ಅಜ್ಜಿ ಹೇಳ್ತಿದ್ದ ಪ್ರಕಾರ ಮೊದಲು ನಮ್ಮ ಕಡೆ ಹೊದಿಕೆಗೆ ಗುಡ್ಡದ ಹುಲ್ಲು, ಸಿಗದೇ ಹೋದ್ರೆ ರಾಗಿ ಹುಲ್ಲು. ಗುಡ್ಡದ ಹುಲ್ಲು ತರೋಕೆ ಕಾವಲುಗಾರನಿಗೆ ಕೋಳಿ ಕೊಡಬೇಕಿತ್ತಂತೆ. ಆಮೇಲೆ ಕನ್ನಂಬಾಡಿ ಕಟ್ಟೆ ನೀರು ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಯ್ತು, ಎಲ್ಲಿ ನೋಡಿದ್ರೂ ಕಬ್ಬು. ನೀರು ಹರಿದ ಗದ್ದೆಗಳು ನಮ್ಮವಲ್ಲ, ಸಕ್ಕರೆ ನಮ್ಮದಲ್ಲ. ಕಬ್ಬು ಕಡಿದವರ ಪಾಲಿಗೆ ಬಂದದ್ದು ಅದರ ಸೋಗೆ. ಮಂಡ್ಯ ಸೀಮೆಯ ನಾಲೆಯ ಚರಿತ್ರೆ ಬರೆಯೋರು ಅಣೆಕಟ್ಟೆ, ಮಹಾರಾಜರು, ಇಂಜಿನಿಯರು ಅಂತ ಬರೀತಾರೆ. ನಮ್ಮ ಸೂರನ್ನ ಹುಲ್ಲಿಂದ ಸೋಗೆಗೆ ಬದಲಾಯಿಸಿದ್ದೂ ಅದೇ ನಾಲೆ. ಅದನ್ನ ಯಾರೂ ಬರೆದದ್ದು ನಾನು ನೋಡಿಲ್ಲ.

ಹೊದಿಸೋದು ಸುಲಭದ ಕೆಲಸ ಅಂದ್ಕೊಬೇಡಿ. ಕಂಬದ ಕವೆ ಮೇಲೆ ತೊಲೆ, ತೊಲೆಯಿಂದ ಇಳಿಜಾರಾಗಿ ಸರ್ವೆ ಗಳ, ಅದರ ಮೇಲೆ ಅಡ್ಡಡ್ಡ ಬಿದಿರು ದಬ್ಬೆ. ಕಟ್ಟೋಕೆ ಕತ್ತಾಳೆ ನಾರು. ಮೊಳೆ ಹೊಡೆದ್ರೆ ಬಿದಿರು ಸೀಳುತ್ತೆ. ಸೋಗೆಯನ್ನ ಸಿವುಡು ಕಟ್ಟಿ, ಕೆಳಗಿನ ಅಂಚಿನಿಂದ ಶುರು ಮಾಡಿ ಮೇಲಕ್ಕೆ ಏರಬೇಕು. ಮೇಲಿನ ಸಾಲು ಕೆಳಗಿನ ಸಾಲಿನ ಮುಕ್ಕಾಲು ಪಾಲನ್ನ ಮುಚ್ಚಬೇಕು. ಇಳಿಜಾರು ಕಡಿದಾಗಿರಬೇಕು, ಇಲ್ಲಾಂದ್ರೆ ನೀರು ನಿಂತು ಒಂದೇ ಮಳೆಗಾಲಕ್ಕೆ ಕೊಳೆಯುತ್ತೆ. ಸರಿಯಾಗಿ ಹೊದಿಸಿದ ಸೂರಿನಲ್ಲಿ ಮೇಲಿನ ಒಂದೆರಡು ಬೆರಳಷ್ಟು ಮಾತ್ರ ನೆನೆಯುತ್ತೆ, ಒಳಗೆ ಒಣಗಿರುತ್ತೆ. ಬಾಗಿಲು ಅಷ್ಟು ಕೆಳಗೆ ಯಾಕೆ ಅಂದ್ರೆ, ಅಂಚು ಮುಂದಕ್ಕೆ ಇಳಿದು ಬಂದ್ರೇನೆ ಮಣ್ಣಿನ ಗೋಡೆ ಮಳೆಗೆ ಕರಗದೆ ಉಳಿಯೋದು. ಜಮೀನ್ದಾರ ಎದುರಿಗೆ ಬಂದಾಗ ಬಗ್ಗೋದು ಬೇರೆ, ಗೋಡೆ ಉಳಿಸೋಕೆ ಬಗ್ಗೋದು ಬೇರೆ. ಇದನ್ನ ಚಿಕ್ಕಪ್ಪ ಏಣಿ ಮೇಲೆ ನಿಂತು ಹೇಳಿದ್ದು.

ಗೋಡೆ, ನೆಲದ ಕೆಲಸ ಹೆಂಗಸರದ್ದು. ಕೆಮ್ಮಣ್ಣಿಗೆ ರಾಗಿ ಹೊಟ್ಟು ಸೇರಿಸಿ ಎರಡು ದಿನ ಕೊಳೆಸಿ ತುಳಿದದ್ದು ನಮ್ಮತ್ತೆ. ಎಷ್ಟು ನೀರು, ಎಷ್ಟು ಹೊಟ್ಟು ಅಂತ ಕೇಳಿದ್ರೆ "ಕಾಲಿಗೆ ಗೊತ್ತಾಯ್ತದೆ" ಅಂದ್ರು. ಇಂಥವರಿಗೆ ಯಾವ ಸರ್ಕಾರವೂ ಕುಶಲಕರ್ಮಿ ಅಂತ ಕಾರ್ಡ್ ಕೊಟ್ಟಿಲ್ಲ. ನಮ್ಮ ಜನಗಣತಿಯಲ್ಲಿ ಹುಲ್ಲು, ಗರಿ, ಬಿದಿರು, ಮರ, ಮಣ್ಣು ಎಲ್ಲಾ ಸೂರುಗಳಿಗೂ ಸೇರಿ ಒಂದೇ ಕಾಲಂ. ಇತ್ತೀಚೆಗೆ ರೆಸಾರ್ಟುಗಳು ಇದನ್ನೇ 'ಕಾಟೇಜ್' ಅಂತ ಮಾಡಿ, ಒಳಗೆ ಏಸಿ ಹಾಕಿ ಬಾಡಿಗೆಗೆ ಬಿಡ್ತಿವೆ. ಒಬ್ಬರು ಬಂದು ನಮ್ಮ ಹಳೇ ಕಂಬಗಳನ್ನ ಒಳ್ಳೇ ಬೆಲೆಗೆ ಕೇಳಿದ್ರು. ಅವರಿಗೆ ಬೇಕಿದ್ದದ್ದು ಕಂಬದ ಕರೀ ಬಣ್ಣ. ಅದು ಮೂರು ತಲೆಮಾರಿನ ಒಲೆ ಹೊಗೆ. ಕೊಡಲಿಲ್ಲ.

ಚಂದ ಹೇಳಿದ್ದು ಸಾಕು. ಸೋಗೆಯ ಸೂರು ಅಂದ್ರೆ ಬೆಂಕಿಯ ಭಯ. ತಮಿಳುನಾಡಿನ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ 1968ರ ಡಿಸೆಂಬರ್ 25ರ ರಾತ್ರಿ 44 ಜನ ದಲಿತರನ್ನ ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ಕೂಲಿ ಜಾಸ್ತಿ ಕೇಳಿದ್ದೇ ತಪ್ಪು. ಓಡಿ ಹೋಗಿ ಒಂದೇ ಸಣ್ಣ ಗುಡಿಸಲಲ್ಲಿ ಸೇರಿಕೊಂಡಿದ್ರು, ಅದಕ್ಕೇ ಬೆಂಕಿ ಇಟ್ಟರು. ಅಷ್ಟೆಲ್ಲಾ ಭೂಮಿ, ಕಾರು ಇರೋ ದೊಡ್ಡವರು ತಾವೇ ನಡಕೊಂಡು ಹೋಗಿ ಬೆಂಕಿ ಹಚ್ಚಿರ್ತಾರೆ ಅಂತ ನಂಬೋದು ಕಷ್ಟ ಅನ್ನೋ ಅರ್ಥದ ಮಾತು ಹೈಕೋರ್ಟಿನ ತೀರ್ಪಲ್ಲಿ ಬಂತು, ಜಮೀನ್ದಾರರು ಖುಲಾಸೆ ಆದ್ರು. ನಮ್ಮದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಜನರನ್ನ ಮನೆಯೊಳಗೇ ಸುಟ್ಟರು. ಅಲ್ಲೂ ಆರೋಪಿಗಳು ಖುಲಾಸೆ. 1989ರ ದೌರ್ಜನ್ಯ ತಡೆ ಕಾಯ್ದೆಯ 3(2)(iv) ಕಲಮನ್ನ ನಮ್ಮ ಹುಡುಗರು ಬಾಯಿಪಾಠ ಮಾಡ್ಕೊಬೇಕು. ನಮ್ಮವರ ವಾಸದ ಮನೆಯನ್ನ ನಾಶ ಮಾಡೋ ಉದ್ದೇಶದಿಂದ ಬೆಂಕಿ ಇಟ್ಟರೆ ಜೀವಾವಧಿ ಶಿಕ್ಷೆ ಅಂತ ಅದರಲ್ಲಿದೆ. ಎಷ್ಟು ಗುಡಿಸಲು ಸುಟ್ಟಿದ್ದಕ್ಕೆ ಆ ಒಂದು ಸಾಲು ಹುಟ್ಟಿತು ಅಂತ ಯೋಚನೆ ಮಾಡಿ.

ಅದಕ್ಕೇ ನಮ್ಮಪ್ಪ ಈ ಗುಡಿಸಲೊಳಕ್ಕೆ ಕಾಲಿಡಲ್ಲ. ದೇವರಾಜ ಅರಸು ಕಾಲದಲ್ಲಿ ಸಿಕ್ಕ ಜನತಾ ಮನೆಯಲ್ಲಿ ಈಗಲೂ ಇದ್ದಾರೆ. ಒಂದೇ ಕೋಣೆ, ಬೇಸಿಗೇಲಿ ಕಾದ ಹೆಂಚು, ಗೋಡೆ ಬಿರುಕು. ಆದರೂ ಅದು ಅವರಿಗೆ ಅರಮನೆ. "ಗಾಳಿ ಬೀಸಿದ ರಾತ್ರಿಯೆಲ್ಲಾ ನಮ್ಮವ್ವ ಒಲೆಗೆ ನೀರು ಹೊಯ್ದು ಬೂದಿ ಮುಟ್ಟಿ ನೋಡೋಳು, ನೀನು ಆ ನಿದ್ದೆ ಮಾಡಿಲ್ಲ" ಅಂತಾರೆ. ಅವರ ಮಾತಿಗೆ ನನ್ನ ಹತ್ರ ಎದುರು ಮಾತಿಲ್ಲ. ನಾನು ಕರೆಂಟಿನ ವೈರು ಪೈಪಿನೊಳಗೆ ಎಳೆಸಿದ್ದೀನಿ, ಎರಡು ಡ್ರಮ್ ನೀರು ಹೊರಗೆ ಇಟ್ಟಿದ್ದೀನಿ, ಅಡುಗೆ ಗ್ಯಾಸಲ್ಲಿ. ಭಾನುವಾರ ಮಾತ್ರ ಒಲೆ ಹಚ್ಚಿ ಪಕ್ಕದಲ್ಲೇ ಕೂರ್ತೀನಿ. ಹೊಗೆ ಆಡದೇ ಇದ್ರೆ ಸೋಗೆಗೆ ಹುಳ ಬೀಳುತ್ತೆ. ಮಿಕ್ಕ ದಿನ ಬೆಳಗ್ಗೆ ಎಂಟಕ್ಕೆ ಬೀಗ ಹಾಕಿ ಬಸ್ ಹತ್ತಿ ಆಫೀಸು. ಏಪ್ರಿಲ್ ತಿಂಗಳ ಮಧ್ಯಾಹ್ನ ಒಳಗೆ ತಂಪಾಗಿರುತ್ತೆ ಅನ್ನೋದು ನಿಜ. ಇಲಿ, ಜೇಡ, ಒಂದು ಸಲ ಹಾವು ಬಂದದ್ದೂ ನಿಜ.

ಹಂಗಿದ್ರೆ ಯಾಕೆ ಅಲ್ಲಿದ್ದೀಯ? ಈಗ ಅಸಲು ಕಾರಣ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 38ನೇ ಕಲಂ ಪ್ರಕಾರ, ಕೃಷಿ ಕಾರ್ಮಿಕ ಬೇರೆಯವರ ಜಮೀನಲ್ಲಿ ಮನೆ ಕಟ್ಕೊಂಡು ವಾಸ ಇದ್ದರೆ ಆ ಮನೆ, ಅದರ ಅಡಿಯ ಜಾಗ ಅವನಿಗೆ ಸೇರಬೇಕು. ಅರ್ಜಿ ಹಾಕಬೇಕು, ಅದೂ ಅವಧಿಯೊಳಗೆ. ಜೀತಕ್ಕಿದ್ದ ಮನೆಯವರ ಮೇಲೆ ಅಜ್ಜಿ ಅರ್ಜಿ ಹಾಕ್ತಾಳಾ? ಅವಧಿ ಮುಗೀತು. ಸುಮಾರು ವರ್ಷದ ಮೇಲೆ, ದಾಖಲೆ ಇಲ್ಲದ ಹಾಡಿ, ಹಟ್ಟಿ, ತಾಂಡಾಗಳಿಗೆ ಅಂತ 38ಎ ಬಂತು. ನಮ್ಮದು ಅದರೊಳಗೆ ಬರುತ್ತೆ ಅಂತ ನಾವು, ಬರಲ್ಲ ಅಂತ ಅವರು. ಹೋದ ಸಲ ಸಂಬಂಧಪಟ್ಟ ಕಚೇರಿಯಿಂದ ಬಂದ ಹಿಂಬರಹ ನೋಡಿ: "ಸದರಿ ಸ್ಥಳದಲ್ಲಿ ಯಾವುದೇ ವಾಸದ ಮನೆ ಕಂಡುಬರುವುದಿಲ್ಲ." ನಾನೂ ಗುಮಾಸ್ತ, ಇಂಥ ಸಾಲು ಕೂತಲ್ಲೇ ಹೆಂಗೆ ಬರೀತಾರೆ ಅಂತ ನನಗೆ ಗೊತ್ತು. ನಮ್ಮ ಗ್ರಾಮ 'ಗುಡಿಸಲು ಮುಕ್ತ' ಅಂತ ಕಾಗದದಲ್ಲಿ ಆಗಿದೆ. ಗುಡಿಸಲು ಇಲ್ಲ ಅಂದ ಮೇಲೆ ಅಡಿಯ ಜಾಗ ಖಾಲಿ, ಖಾಲಿ ಅಂದ ಮೇಲೆ ಗದ್ದೆಯವರದ್ದು. ನಮ್ಮಜ್ಜಿ 50 ವರ್ಷ ಅಲ್ಲಿ ಒಲೆ ಹಚ್ಚಿದ್ದು ಕಾಗದಕ್ಕೆ ಕಾಣಲ್ಲ.

ಕಾಣಲಿ ಅಂತ ಎತ್ತಿ ನಿಲ್ಲಿಸಿದ್ದೀನಿ. ಕರೆಂಟ್ ಬಿಲ್ ಬರ್ತಿದೆ. ಅಜ್ಜಿ ಕಾಲದ ಮತದಾರರ ಪಟ್ಟಿಯ ನಕಲು ತೆಗೆಸಿದ್ದೀನಿ. ಕಂಬ, ಒಲೆ, ಗೋಡೆಯ ಹಳೇ ಭಾಗ ಯಾವುದು, ಹೊಸದು ಯಾವುದು ಅಂತ ಅಳತೆ ಸಮೇತ ಬರೆದು ಫೋಟೊ ಹಚ್ಚಿ ಮೇಲ್ಮನವಿ ಹಾಕಿದ್ದೀನಿ. ಪಟ್ಟಾ ಕೈಗೆ ಬಂದ ದಿನ ಅದೇ ಜಾಗದಲ್ಲಿ ತಾರಸಿ ಮನೆ ಕಟ್ತೀನಿ, ಕೇರಿಯ ಮುದುಕಿಗೂ ಅದನ್ನೇ ಹೇಳಿದ್ದೀನಿ. ಒಂದು ಮೂಲೇಲಿ ಆ ನಾಲ್ಕು ಕಂಬ ಉಳಿಸ್ಕೊಳ್ಳೋ ಆಸೆ ಇದೆ. ಅಪ್ಪನ ಹತ್ರ ಆ ಮಾತು ಇನ್ನೂ ಎತ್ತಿಲ್ಲ.

ಈಗ ಎರಡನೇ ಹೊದಿಕೆಗೆ ಸೋಗೆ ಸಿಗ್ತಿಲ್ಲ. ಕಬ್ಬು ಕಡಿದ ಮೇಲೆ ಗದ್ದೆಯಲ್ಲೇ ಬೆಂಕಿ ಹಾಕಿಬಿಡ್ತಾರೆ. ಮದ್ದೂರು, ಪಾಂಡವಪುರ ಕಡೆ ಸಂಗಾತಿಗಳು ಯಾರಾದ್ರೂ ಇದ್ರೆ, ಸುಡೋಕೆ ಮುಂಚೆ ಒಂದು ಟ್ರ್ಯಾಕ್ಟರ್ ಲೋಡು ಹಿಡಿದಿಟ್ಟು ಫೋನ್ ಮಾಡಿ. ಹಾಗೇ ನಿಮ್ಮ ಕೇರಿಯಲ್ಲಿ ಹೊದಿಕೆ ಹಾಕೋದು ಗೊತ್ತಿರೋ ಹಿರಿಯರಿದ್ರೆ, ಸಿವುಡಿಗೆ, ದಬ್ಬೆಗೆ, ಆ ಮೇಲಿನ ನೆತ್ತಿಯ ಕಟ್ಟಿಗೆ ನಿಮ್ಮ ಕಡೆ ಏನಂತಾರೆ ಅಂತ ಕೇಳಿ ಕೆಳಗೆ ಬರೀರಿ. ಜೊತೆಗೆ ನಿಮ್ಮೂರಲ್ಲಿ ನಮ್ಮೋರು ಮೊದಲ ಹೆಂಚು ಹಾಕಿದ ವರ್ಷ ಯಾವುದು, ಹಾಕಿದವರಿಗೆ ಏನಾಯ್ತು, ಅದನ್ನೂ.

ಜೈ ಭೀಮ್.