ಕಾಲ್ಚೆಂಡಿನ ದಾಯಾದಿಗಳು

ಒಂದೇ ಊರಿನ, ಇಲ್ಲವೆ ಅಕ್ಕಪಕ್ಕದ ಊರುಗಳ ಎರಡು ತಂಡಗಳು ಎದುರುಬದುರಾಗಿ ಆಡುವ ಪಂದ್ಯಕ್ಕೆ ಇಂಗ್ಲಿಷರು ‘ಡರ್ಬಿ’ ಎನ್ನುತ್ತಾರೆ. ಎಪ್ಸಮ್ಮಿನ ಬಯಲಿನಲ್ಲಿ ೧೭೮೦ರಲ್ಲಿ ಮೊದಲಾದ ಒಂದು ಕುದುರೆಯ ಪಂದ್ಯಕ್ಕೆ ಡರ್ಬಿಯ ಪ್ರಭುವಿನ ಹೆಸರು ಬಂದಿತು; ಮುಂದೆ ಅದೇ ಹೆಸರು ಚೆಂಡಾಟಕ್ಕೂ ಅಂಟಿಕೊಂಡಿತು. ಕನ್ನಡದಲ್ಲಿ ಇದಕ್ಕೆ ಸಮನಾದ ಮಾತಿಲ್ಲವೆಂದು ಸ್ನೇಹಿತರೊಬ್ಬರು ಈಚೆಗೆ ನನ್ನೊಡನೆ ಪೇಚಾಡಿಕೊಂಡರು. ಇದೆಯೆಂದೇ ನನ್ನ ವಾದ. ‘ದಾಯಾದಿ’ ಎಂಬುದೇ ಆ ಮಾತು. ದಾಯಾದಿಯೆಂದರೆ ಬರಿಯ ಶತ್ರುವಲ್ಲ. ಶತ್ರು ದೂರದಿಂದ ದಂಡೆತ್ತಿ ಬರುವವನು. ದಾಯಾದಿ ನಮ್ಮ ಗೋಡೆಗೆ ಗೋಡೆ ಹಚ್ಚಿ ಮನೆ ಕಟ್ಟಿಕೊಂಡವನು. ಅವನ ಹೊಲಕ್ಕೂ ನಮ್ಮ ಹೊಲಕ್ಕೂ ಬದು ಒಂದೇ. ಅವನ ಮೇಲೆ ಕೋರ್ಟಿನಲ್ಲಿ ವ್ಯಾಜ್ಯ ಹೂಡಿದ್ದರೂ, ಅವನ ಮನೆಯಲ್ಲಿ ಸಾವಾದರೆ ಸೂತಕ ನಮಗೂ ಉಂಟು. ಕಾಲ್ಚೆಂಡಿನ ಊರುಗಳಲ್ಲಿ ಒಂದು ಪಂದ್ಯಕ್ಕಾಗಿ ವಾರಗಟ್ಟಲೆ ಕಾದು ಕುಳಿತು, ವಾದಿಸಿ, ಗಂಟಲು ಹರಿದುಕೊಳ್ಳುವ ಜನರ ಮನಸ್ಸನ್ನು ಅರಿಯಬೇಕಾದರೆ ಈ ಸೂತಕದ ಮಾತನ್ನು ನೆನಪಿನಲ್ಲಿಡಬೇಕು.

ನಾನು ಮಧುಗಿರಿಯ ಕಡೆಯವನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸರ್ಕಾರ ಒಂದು ಉಪವಿಭಾಗದಲ್ಲಿ ಕೂಡಿಸಿ, ಶಾಲೆಗಳ ಆಡಳಿತಕ್ಕೂ ಒಂದೇ ಶೈಕ್ಷಣಿಕ ಜಿಲ್ಲೆಯನ್ನಾಗಿ ಮಾಡಿದೆ. ಆದಕಾರಣ ಶಾಲಾಮಕ್ಕಳ ಕ್ರೀಡಾಕೂಟದಲ್ಲಿ ತಂತಮ್ಮ ತಾಲ್ಲೂಕನ್ನು ಗೆದ್ದ ತಂಡಗಳು ಹೊರಗಿನವರ ಮುಖ ನೋಡುವುದಕ್ಕೆ ಮುಂಚೆ ತಮ್ಮತಮ್ಮಲ್ಲೇ ಕಾದಾಡಬೇಕು. ಕಬಡ್ಡಿ, ಖೊಖೊ, ವಾಲಿಬಾಲ್ ಇವೇ ಆಟಗಳು. ಪಂದ್ಯ ಹತ್ತಿರ ಬಂದಿತೆಂದರೆ ಹೋಟೆಲಿನ ಬೆಂಚುಗಳ ಮೇಲೆ ಇತಿಹಾಸ, ಭೂಗೋಳಗಳೆಲ್ಲ ಹೊರಬೀಳುತ್ತವೆ. ಮಧುಗಿರಿಯ ಹುಡುಗರು ಹುಟ್ಟಿದಾಗಿನಿಂದ ಬೆಟ್ಟ ಹತ್ತಿದವರು, ಕಬಡ್ಡಿಯಲ್ಲಿ ಅವರ ಉಸಿರು ಮುಗಿಯುವುದೇ ಇಲ್ಲ ಎಂದು ಒಬ್ಬರು. ಬಯಲಿನಲ್ಲಿ ಓಡಿ ಬೆಳೆದ ಶಿರಾದವರನ್ನು ಹಿಡಿಯುವವರು ಯಾರು ಎಂದು ಇನ್ನೊಬ್ಬರು. ಪಾವಗಡದವರು ತೆಲುಗಿನಲ್ಲಿ ಹೂಟ ಹೂಡುತ್ತಾರೆಂದು ಮತ್ತೊಬ್ಬರ ಆಕ್ಷೇಪಣೆ. ಕೊರಟಗೆರೆಯವರು ಸುಮ್ಮನೆ ಕಾಫಿ ಕುಡಿದು, ಕೊನೆಗೆ ಗೆದ್ದು ಹೋಗುವುದೂ ಉಂಟು. ಇಷ್ಟೆಲ್ಲ ಇದ್ದೂ ಈ ಬೆಂಚುಗಳ ಮೇಲೆ ಕಾಲ್ಚೆಂಡಿನ ಮಾತು ನಾನು ಕೇಳಿದ್ದು ಅಪರೂಪ. ಇದಕ್ಕೆ ಕಾರಣ ಹುಡುಗರ ಕಾಲಿನಲ್ಲಿಲ್ಲ, ಚರಿತ್ರೆಯಲ್ಲಿದೆ.

ಒಂದು ಕಾಲದಲ್ಲಿ ದಂಡು ಇದ್ದದ್ದು ನಮ್ಮ ಕಡೆಯೇ. ೧೬೭೮ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಮಧುಗಿರಿಯನ್ನು ಅಲ್ಲಿನ ಪಾಳೆಯಗಾರರಿಂದ ಗೆದ್ದರು. ೧೬೮೭ರಲ್ಲಿ ಮೊಗಲರ ಸೇನಾನಿ ಕಾಸಿಂ ಖಾನನು ಬೆಂಗಳೂರನ್ನು ಹಿಡಿದು, ಅದನ್ನು ಅದೇ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಬಿಟ್ಟುಕೊಟ್ಟನು. ಸುಬಾದ ರಾಜಧಾನಿಯಾದದ್ದು ಶಿರಾ. ಶಿರಾದ ಸುಬೇದಾರರ ಕಣ್ಣಿನಲ್ಲಿ ಬೆಂಗಳೂರು ಮಾರಿ ಕೈತೊಳೆದುಕೊಂಡ ಒಂದು ಪೇಟೆ. ಆಮೇಲೆ ಮರಾಠರು ಬಂದರು. ೧೭೬೧ರಲ್ಲಿ ಶಿರಾ ಹೈದರಾಲಿಯ ಕೈಸೇರಿತು. ಕೊನೆಗೆ, ೧೮೦೯ರಲ್ಲಿ ಇಂಗ್ಲಿಷರು ತಮ್ಮ ದಂಡನ್ನು ಶ್ರೀರಂಗಪಟ್ಟಣದಿಂದ ತೆಗೆದು ಬೆಂಗಳೂರಿನಲ್ಲಿ ಊರಿದರು. ಲಂಡನ್ನಿನಲ್ಲಿ ೧೮೬೩ರಲ್ಲಿ ಕಾಲ್ಚೆಂಡಾಟಕ್ಕೆ ನಿಯಮಗಳನ್ನು ಬರೆಯುವ ಹೊತ್ತಿಗೆ ನಮ್ಮ ಕೋಟೆಗಳ ಕಾಲ ಮುಗಿದುಹೋಗಿತ್ತು. ನಮ್ಮ ಮಧುಗಿರಿಗೆ ದಂಡಿನ ಮಾರಮ್ಮ ಉಳಿದಳು. ದಂಡು ಬೆಂಗಳೂರಿಗೆ ಹೋಯಿತು. ಚೆಂಡು ಬಂದದ್ದು ದಂಡಿನ ಹಿಂದೆಯೇ.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಬಿಳಿಯ ಸಿಪಾಯಿಗಳು ಸಂಜೆಯ ಹೊತ್ತು ಆಡುತ್ತಿದ್ದ ಆಟವನ್ನು ಬಯಲಿನ ಅಂಚಿನಲ್ಲಿ ನಿಂತು ನೋಡಿದವರು ಅವರ ಬಟ್ಲರುಗಳ, ಕುದುರೆಯಾಳುಗಳ, ಕಸುಬುದಾರರ ಮಕ್ಕಳು. ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಗೌತಮಪುರ ಈ ಬಡ ಬೀದಿಗಳಲ್ಲಿ ಆಟ ಬೇರೂರಿತು. ಬೂಟಿಗೆ ಹಣವಿಲ್ಲದವರಿಗೆ ಬರಿಗಾಲೇ ಸಾಕಾಯಿತು. ಬೀದಿಗೊಂದು ತಂಡವಾದ ಮೇಲೆ ಪಕ್ಕದ ಬೀದಿಯೇ ದಾಯಾದಿ. ಇಂದಿಗೂ ಗೌತಮಪುರಕ್ಕೆ ಹೋದವರು ಬುದ್ಧ, ಅಂಬೇಡ್ಕರರ ಪ್ರತಿಮೆಗಳ ಜೊತೆಯಲ್ಲಿ ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯನ್ನೂ ಕಾಣಬಹುದು.

ಬೀದಿಯ ಈ ಜಗಳದಲ್ಲಿ ಪಳಗಿದವರು ಹೊರಗೆ ಹೋಗಿ ಏನು ಮಾಡಿದರೆಂಬುದನ್ನು ಇಂದಿನ ಬೆಂಗಳೂರಿಗರು ಮರೆತಿದ್ದಾರೆ. ಮುಂಬಯಿಯ ರೋವರ್ಸ್ ಕಪ್ ೧೮೯೧ರಲ್ಲಿ ಮೊದಲಾದಾಗಿನಿಂದ ಬ್ರಿಟಿಷ್ ಪಲ್ಟನ್ನುಗಳ ಸ್ವತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತೆಯದಲ್ಲ, ನಮ್ಮ ಬೆಂಗಳೂರ್ ಮುಸ್ಲಿಮ್ಸ್. ೧೯೩೭ರ ಅಂತಿಮ ಪಂದ್ಯದಲ್ಲಿ ಅವರು ಸೋಲಿಸಿದ್ದು, ಆಗ ಕಲ್ಕತ್ತೆಯ ಲೀಗನ್ನು ವರ್ಷವರ್ಷವೂ ಗೆಲ್ಲುತ್ತಿದ್ದ ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ೧೯೩೮ರಲ್ಲಿಯೂ, ಮತ್ತೆ ೧೯೪೮ರಲ್ಲಿಯೂ ಕಪ್ಪು ಬೆಂಗಳೂರಿಗೇ ಬಂದಿತು. ಆ ೧೯೪೮ರಲ್ಲಿಯೇ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತ ಫ್ರಾನ್ಸನ್ನು ಎದುರಿಸಿ ಎರಡು–ಒಂದರಿಂದ ಸೋತಿತು; ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ್ದರು. ಭಾರತದ ಆ ಒಂದೇ ಗೋಲನ್ನು ಹೊಡೆದವರು ನಮ್ಮ ಸಾರಂಗಪಾಣಿ ರಾಮನ್.

ರಾಮನ್ನರು ಕಲ್ಕತ್ತೆಯ ಮೋಹನ್ ಬಾಗಾನಿಗೆ ಆಡಿದರು. ಅದೇ ಒಲಿಂಪಿಕ್ಸಿನ ಇನ್ನೊಬ್ಬ ಬೆಂಗಳೂರಿಗ ಅಹಮದ್ ಖಾನರು ಈಸ್ಟ್ ಬೆಂಗಾಲಿಗೆ ಸೇರಿ, ಅಲ್ಲಿನ ಜನ ‘ಪಂಚಪಾಂಡವ’ರೆಂದು ಕೊಂಡಾಡಿದ ಐವರಲ್ಲಿ ಒಬ್ಬರಾದರು. ಈ ಎರಡು ಕ್ಲಬ್ಬುಗಳ ದಾಯಾದಿತನ ಜಗತ್ತಿಗೇ ತಿಳಿದದ್ದು. ಮೋಹನ್ ಬಾಗಾನ್ ೧೮೮೯ರಲ್ಲಿ ಹುಟ್ಟಿತು, ಈಸ್ಟ್ ಬೆಂಗಾಲ್ ೧೯೨೦ರಲ್ಲಿ. ಪಶ್ಚಿಮದ ಮೂಲನಿವಾಸಿಗಳು ಒಂದು ಕಡೆ, ಪೂರ್ವದಿಂದ ಬಂದವರು ಮತ್ತೊಂದು ಕಡೆ; ಗೆದ್ದ ದಿನ ಅವರ ಮನೆಯಲ್ಲಿ ಸೀಗಡಿ, ಇವರ ಮನೆಯಲ್ಲಿ ಇಲಿಶ್ ಮೀನು. ಕಲ್ಕತ್ತೆಯ ಈ ಅಣ್ಣತಮ್ಮಂದಿರ ಜಗಳಕ್ಕೆ ಬೆಂಗಳೂರು ಎರಡು ಕಡೆಗೂ ಯೋಧರನ್ನು ಒದಗಿಸಿತು. ತನ್ನ ಸರದಿ ಬಂದಾಗ ತಾನೇ ನಿಂತು ಹೊಡೆದಾಡಿತು ಕೂಡ. ಮೈಸೂರು ಸಂಸ್ಥಾನದ ತಂಡವೂ ಅನಂತರ ಮೈಸೂರು ರಾಜ್ಯದ ತಂಡವೂ ಸೇರಿ ಸಂತೋಷ್ ಟ್ರೋಫಿಯನ್ನು ಗೆದ್ದದ್ದು ನಾಲ್ಕು ಬಾರಿ: ೧೯೪೬–೪೭, ೧೯೫೨–೫೩, ೧೯೬೭–೬೮, ೧೯೬೮–೬೯. ನಾಲ್ಕು ಬಾರಿಯೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳವೇ.

ಈ ಬಲಕ್ಕೆ ಬೆನ್ನೆಲುಬಾಗಿದ್ದವು ಕಾರ್ಖಾನೆಗಳು. ೧೯೪೦ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, ೧೯೪೮ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಇವೂ ಇಂಥ ಇನ್ನಿತರ ಸಂಸ್ಥೆಗಳೂ ಒಳ್ಳೆಯ ಆಟಗಾರನನ್ನು ಕಂಡರೆ ಕರೆದು ಕೆಲಸ ಕೊಟ್ಟವು. ಬೆಳಗ್ಗೆ ಯಂತ್ರದ ಮುಂದೆ, ಮಧ್ಯಾಹ್ನದ ಮೇಲೆ ಮೈದಾನದಲ್ಲಿ. ಕಾಲು ಸೋತ ಮೇಲೂ ಸಂಬಳ ನಿಲ್ಲದು, ಕೊನೆಗೆ ಪಿಂಚಣಿ. ಬಡಬೀದಿಯ ತಾಯಿಯೊಬ್ಬಳು ಮಗನನ್ನು ಆಟಕ್ಕೆ ಬಿಡುವುದಕ್ಕೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿರಲಿಲ್ಲ. ಫೆಡರೇಷನ್ ಕಪ್ ಪಂದ್ಯಾವಳಿ ೧೯೭೭ರಲ್ಲಿ ಕೊಚ್ಚಿಯಲ್ಲಿ ಮೊದಲ ಬಾರಿಗೆ ನಡೆದಾಗ, ಮೋಹನ್ ಬಾಗಾನನ್ನು ಒಂದು ಗೋಲಿನಿಂದ ಮಣಿಸಿ ಕಪ್ಪನ್ನು ತಂದವರು ಬೆಂಗಳೂರಿನ ಈ ಟೆಲಿಫೋನ್ ಕಾರ್ಖಾನೆಯವರೇ.

ನಮ್ಮ ಬರಡು ತಾಲ್ಲೂಕುಗಳಿಗೂ ಕಾಲ್ಚೆಂಡಿಗೂ ನಂಟು ಕುದುರಿದ್ದು ಇಲ್ಲಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬೆಂಗಳೂರಿನ ಬಸ್ಸು ಹತ್ತಿದ ಹುಡುಗರು ಕಾರ್ಖಾನೆ ಸೇರಿದರು. ಜನ್ಮದಲ್ಲಿ ಚೆಂಡು ಒದೆಯದವರು ತಮ್ಮ ಕಾರ್ಖಾನೆಯ ತಂಡಕ್ಕೆ ಪ್ರಾಣ ಕೊಡುವ ಅಭಿಮಾನಿಗಳಾದರು. ನನ್ನ ಬಂಧುಗಳಲ್ಲಿಯೇ ಅಣ್ಣ ಟೆಲಿಫೋನ್ ಕಾರ್ಖಾನೆಯಲ್ಲಿ, ತಮ್ಮ ವಿಮಾನದ ಕಾರ್ಖಾನೆಯಲ್ಲಿ. ಮಾರಮ್ಮನ ಜಾತ್ರೆಗೆ ಊರಿಗೆ ಬಂದರೆ ಎಲೆಯ ಮುಂದೆ ಕುಳಿತಾಗಲೇ ಮೊದಲಾಗುತ್ತಿತ್ತು.

“ಏನೋ, ನಿಮ್ಮ ವಿಮಾನ ಈ ಸಲ ನೆಲ ಬಿಟ್ಟು ಏಳಲೇ ಇಲ್ಲವಂತೆ?”

“ನಿಮ್ಮ ಟೆಲಿಫೋನೂ ಅಷ್ಟೇ ಬಿಡಣ್ಣ. ತೊಂಬತ್ತು ನಿಮಿಷ ತಿರುಗಿಸಿದರೂ ಒಂದು ಸಲ ಗಂಟೆ ಬಾರಿಸಲಿಲ್ಲ.”

ಅತ್ತಿಗೆ ಬಡಿಸಿದ ಪಾಯಸ ಆರಿಹೋಗುತ್ತಿತ್ತು. ಮಾರನೆಯ ಸೋಮವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹಿಂದಿರುಗುತ್ತಿದ್ದರು.

ಆ ಕಾಲ ಕಳೆಯಿತು. ಕಾರ್ಖಾನೆಗಳಿಗೆ ಪೈಪೋಟಿಯ ಬಿಸಿ ತಟ್ಟಿತು. ಆಟಗಾರರ ನೇಮಕ ಮೊದಲು ಕುಗ್ಗಿತು, ಬಳಿಕ ನಿಂತಂತಾಯಿತು. ಮನೆಮನೆಯ ಟೆಲಿವಿಷನ್ನು ಸಂಜೆಯ ಜನರನ್ನು ಕ್ರಿಕೆಟ್ಟಿಗೆ ಎಳೆಯಿತು. ವಿಮಾನ ಕಾರ್ಖಾನೆಯ ತಂಡ ೨೦೧೦ರಿಂದ ೨೦೧೨ರವರೆಗೆ ರಾಷ್ಟ್ರದ ಐ-ಲೀಗಿನಲ್ಲಿ ಏಗಿ ಕೆಳಕ್ಕೆ ಇಳಿಯಿತು. ೨೦೧೩ರಲ್ಲಿ ಬೆಂಗಳೂರು ಎಫ್.ಸಿ. ಎಂಬ ಹೊಸ ಕ್ಲಬ್ಬು ಹುಟ್ಟಿತು. ಹಣವಿತ್ತು, ಶಿಸ್ತಿತ್ತು, ಸುನಿಲ್ ಛೆಟ್ರಿಯಂಥ ನಾಯಕನಿದ್ದ. ಮೊದಲ ವರ್ಷವೇ ಐ-ಲೀಗನ್ನು ಗೆದ್ದಿತು. ೨೦೧೬ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಯಿತು. ನೀಲಿ ಅಂಗಿ ತೊಟ್ಟ ತರುಣರು ಕಂಠೀರವ ಕ್ರೀಡಾಂಗಣದ ಪಶ್ಚಿಮದ ಸಾಲುಗಳಲ್ಲಿ ನಿಂತು ಹಾಡತೊಡಗಿದರು. ಇದನ್ನು ಕಂಡು ಸಂತೋಷಪಡದವನು ಬೆಂಗಳೂರಿಗನೇ ಅಲ್ಲ.

ಒಂದು ಕೊರತೆ ಮಾತ್ರ ಉಳಿಯಿತು. ಈ ಕ್ಲಬ್ಬಿಗೆ ಊರಿನಲ್ಲಿ ದಾಯಾದಿಯಿಲ್ಲ. ನಗರದ ಮಿಕ್ಕ ಕ್ಲಬ್ಬುಗಳು ಬೇರೆ ದರ್ಜೆಯ ಲೀಗುಗಳಲ್ಲಿ ಆಡಿಕೊಂಡು ಬಂದವು. ಅಭಿಮಾನಿ ಏನು ಮಾಡಿಯಾನು? ಸುಮಾರು ೩೫೦ ಕಿಲೋಮೀಟರ್ ದೂರದ ಚೆನ್ನೈಯನ್ನೂ ಅದಕ್ಕಿಂತ ದೂರದ ಕೊಚ್ಚಿಯನ್ನೂ ನೆರೆಮನೆಯೆಂದು ಭಾವಿಸಿಕೊಂಡ. ಕಂಠೀರವದ ಹತ್ತಿರ ಚಹಾದ ಅಂಗಡಿಯೊಂದರಲ್ಲಿ, ಪಂದ್ಯಕ್ಕೆ ಎರಡು ದಿನ ಮುಂಚೆ, ಈ ವಿಷಯದ ಮೇಲೆ ನಡೆದ ವಾದವನ್ನು ನಾನು ಮುಕ್ಕಾಲು ಗಂಟೆ ಕೇಳಿದ್ದೇನೆ. ನಿಜವಾದ ಎದುರಾಳಿ ಚೆನ್ನೈ, ಏಕೆಂದರೆ ಕಾವೇರಿ ಎಂದ ಒಬ್ಬ. ಅಲ್ಲ, ಕೇರಳ, ಏಕೆಂದರೆ ನಮ್ಮ ಆಫೀಸಿನಲ್ಲಿಯೇ ಅರ್ಧ ಜನ ಅವರು ಎಂದ ಇನ್ನೊಬ್ಬ. ಎರಡನೆಯವನ ಮಾತಿನಲ್ಲಿ ಹುರುಳಿದೆಯೆಂದು ನನಗೆ ಅನ್ನಿಸಿತು. ಮಾರನೆಯ ದಿನ ಪಕ್ಕದ ಮೇಜಿನಲ್ಲಿ ಮುಖ ನೋಡಬೇಕಾದವನೇ ದಾಯಾದಿ. ೨೦೨೩ರ ಮಾರ್ಚ್ ೩ರಂದು ಇದೇ ಕಂಠೀರವದಲ್ಲಿ ಈ ಎರಡು ತಂಡಗಳ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಎದುರಾಳಿಗಳು ಗೋಡೆಗಟ್ಟಿ ನಿಲ್ಲುವ ಮುನ್ನವೇ ಛೆಟ್ರಿ ಫ್ರೀ ಕಿಕ್ಕನ್ನು ಗೋಲಿಗೆ ಕಳುಹಿಸಿದರು. ಕೇರಳ ಬ್ಲಾಸ್ಟರ್ಸ್ ತಂಡ ಪ್ರತಿಭಟಿಸಿ ಮೈದಾನ ಬಿಟ್ಟು ನಡೆಯಿತು. ಅದು ನ್ಯಾಯವೋ ಅಲ್ಲವೋ ಎಂಬ ವ್ಯಾಜ್ಯ ಎಷ್ಟೋ ಆಫೀಸುಗಳಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ದಾಯಾದಿತನವನ್ನು ಹೊಗಳುವಾಗ ಅದರ ವಿಷವನ್ನೂ ಹೇಳಬೇಕು. ೧೯೮೦ರ ಆಗಸ್ಟ್ ೧೬ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಎದ್ದ ಗಲಭೆ, ನೂಕುನುಗ್ಗಲುಗಳಲ್ಲಿ ಹದಿನಾರು ಮಂದಿ ಅಭಿಮಾನಿಗಳು ಸತ್ತರು. ಅವರು ಯಾವ ಕ್ಲಬ್ಬಿನವರೆಂದು ಸಾವು ಕೇಳಲಿಲ್ಲ. ಕಲ್ಕತ್ತೆ ಅದನ್ನು ಮರೆಯಲಿಲ್ಲ. ಆ ದಿನದ ನೆನಪಿಗೆ ಎರಡೂ ಕಡೆಯವರು ರಕ್ತದಾನ ಮಾಡುತ್ತಾರೆ. ಸೂತಕವೆಂದು ನಾನು ಮೊದಲು ಹೇಳಿದ್ದು ಇದನ್ನೇ. ಎದುರಾಳಿ ತನ್ನ ಬಂಧುವೆಂಬುದು ಮರೆತುಹೋದ ಕ್ಷಣ ಆಟ ಪಾಳೆಯಗಾರರ ಕಾಳಗವಾಗುತ್ತದೆ.

ಹಾಗೆಂದು ದಾಯಾದಿಯಿಲ್ಲದ ಬಾಳೂ ಬಾಳಲ್ಲ. ೨೦೨೩ರ ಮಾರ್ಚ್ ೪ರಂದು, ಆ ಕಂಠೀರವದ ಗದ್ದಲದ ಮರುದಿನವೇ, ದೂರದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು ಮೂರು–ಎರಡರಿಂದ ಸೋಲಿಸಿ ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಊರೆಲ್ಲ ಫ್ರೀ ಕಿಕ್ಕಿನ ಚರ್ಚೆಯಲ್ಲಿ ಮುಳುಗಿತ್ತು. ಈ ಗೆಲುವನ್ನು ಕೇಳಿದವರು ಕಡಿಮೆ. ಸಂತೋಷ್ ಟ್ರೋಫಿಯ ತಂಡಗಳು ಬೆಳೆಯುವುದು ರಾಜ್ಯದ ಲೀಗುಗಳಲ್ಲಿ; ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಬೀದಿಯ ಹುಡುಗರು, ಕಚೇರಿಯ ತಂಡಗಳು ಆಡುವ ಪಂದ್ಯಗಳಲ್ಲಿ. ಚೆನ್ನೈ, ಕೊಚ್ಚಿಗಳೊಡನೆ ಜಗಳವಾಡಲು ಟಿಕೆಟ್ಟು ಕೊಳ್ಳುವವರು, ವರ್ಷಕ್ಕೆ ಒಂದೆರಡು ಸಂಜೆ ಅಲ್ಲಿಯೂ ಹೋಗಿ ಯಾವುದಾದರೊಂದು ಪಕ್ಷ ಹಿಡಿದು ಕುಳಿತುಕೊಳ್ಳಬಾರದೇಕೆ? ಪಕ್ಷ ಯಾವುದಾದರೂ ಚಿಂತೆಯಿಲ್ಲ. ಪಕ್ಕದ ಬೀದಿಯವನು ಎದುರು ಪಕ್ಷ ಹಿಡಿದರೆ ಸಾಕು. ಆಟದ ಮಿಕ್ಕ ಕೆಲಸವನ್ನು ಅವರಿಬ್ಬರ ಜಗಳವೇ ನೋಡಿಕೊಳ್ಳುತ್ತದೆ.