ಗುರುಗಳಿಲ್ಲದ ಭಾನುವಾರಗಳು: ನಮ್ಮ ಸೀಮೆಯ ಉಪದೇಶಿಗಳನ್ನೂ ಸೇವಕರನ್ನೂ ಕುರಿತು

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ತಪ್ಪದೆ ಒಂದು ಪಟ್ಟಿ ಇರುತ್ತದೆ. ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸಿದ ಗುರುಗಳ ಹೆಸರು, ಅವರು ಬಂದ ವರ್ಷ, ಹೋದ ವರ್ಷ. ಅದು ಇರಲೇಬೇಕಾದ ಪಟ್ಟಿಯೇ ಸರಿ. ಆದರೆ ಗುಡಿಯ ಗಂಟೆ ಬಾರಿಸಿದವರ, ಪೀಠದ ಬಟ್ಟೆ ಒಗೆದವರ, ಮಕ್ಕಳಿಗೆ ಜಪ ಕಲಿಸಿದವರ, ಸತ್ತವರ ಮನೆಯಲ್ಲಿ ರಾತ್ರಿಯಿಡೀ ಕುಳಿತು ಪ್ರಾರ್ಥನೆ ಹೇಳಿದವರ ಪಟ್ಟಿಯನ್ನು ನಾವು ಯಾವ ಸಂಚಿಕೆಯಲ್ಲಿಯೂ ಕಂಡಿಲ್ಲ. ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಗುರುಗಳ ಸಹಿ ಉಂಟು, ಜ್ಞಾನಪಿತೃಗಳ ಹೆಸರುಂಟು. ಆ ಕುಟುಂಬವನ್ನು ತಿಂಗಳುಗಟ್ಟಲೆ ಸಂಜೆಯ ದೀಪದ ಬೆಳಕಿನಲ್ಲಿ ಕೂಡಿಸಿಕೊಂಡು ‘ಪರಲೋಕದಲ್ಲಿರುವ ತಂದೆಯೇ’ ಎಂಬಲ್ಲಿಂದ ಕಲಿಸಿದ ಉಪದೇಶಿಯ ಹೆಸರು ಬರೆಯುವುದಕ್ಕೆ ಅದರಲ್ಲಿ ಅಂಕಣವೇ ಇಲ್ಲ. ಪ್ರಸ್ತುತ ಲೇಖನದಲ್ಲಿ ಆ ಅಂಕಣವನ್ನು ಯಥಾಶಕ್ತಿ ತುಂಬಲು ಪ್ರಯತ್ನಿಸಿದ್ದೇವೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ತಾಲೂಕುಗಳು ಕೃಷ್ಣೆ, ದೂಧಗಂಗೆ, ವೇದಗಂಗೆಯರ ಬಯಲು. ನಿಪ್ಪಾಣಿ, ಕಾಗವಾಡಗಳು ಪ್ರತ್ಯೇಕ ತಾಲೂಕುಗಳಾದುದು ಈಚೆಗೆ, 2018ರಲ್ಲಿ. ಬ್ರಿಟಿಷರ ಕಾಲದಲ್ಲಿ ಅಥಣಿ, ಚಿಕ್ಕೋಡಿಗಳು ಬೆಳಗಾವಿ ಜಿಲ್ಲೆಯಲ್ಲಿದ್ದರೆ ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಇವೆಲ್ಲ ಮುಂಬಯಿ ರಾಜ್ಯದಿಂದ ಬೇರ್ಪಟ್ಟು ಅಂದಿನ ಮೈಸೂರು ರಾಜ್ಯದೊಳಗೆ ಬಂದವು. ಇಲ್ಲಿ ಕಥೋಲಿಕರು ಹಿಂದೆಯೂ ಬೆರಳೆಣಿಕೆಯವರು, ಇಂದಿಗೂ ಬೆರಳೆಣಿಕೆಯವರು. ಗುಡಿಯಿಂದ ಗುಡಿಗೆ ದೂರ ಬಹಳ, ಗುರುಗಳು ಕಡಿಮೆ. ಆದ್ದರಿಂದಲೇ ಶ್ರೀಸಾಮಾನ್ಯರ ಸೇವೆಯೆಂಬುದು ಈ ಸೀಮೆಯಲ್ಲಿ ಬಿಡುವಿನ ವೇಳೆಯ ಕೆಲಸವಾಗಿ ಉಳಿಯಲಿಲ್ಲ. ಅದಿಲ್ಲದೆ ಧರ್ಮಸಭೆಯೇ ಇಲ್ಲಿ ನಿಲ್ಲುತ್ತಿರಲಿಲ್ಲ.

ಕಥೆ ಬಹಳ ಹಳೆಯದು. ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ಗೋವೆಯಿಂದ ರಾಜಧಾನಿಗೆ ಹೋಗುವ ವರ್ತಕರ ದಾರಿ ಘಟ್ಟ ಹತ್ತಿ, ಮೀರಜ ಹಾದು, ಅಥಣಿಯ ಮೇಲೆ ಸಾಗುತ್ತಿತ್ತು. 1639ರಲ್ಲಿ ಈ ದಾರಿಯನ್ನು ವರ್ಣಿಸಿದ ಜರ್ಮನ್ ಪ್ರವಾಸಿ ಮಾಂಡೆಲ್‌ಸ್ಲೋ ಅಥಣಿಯ ಹೆಸರನ್ನು ಹೇಳಿದ್ದಾನೆ. ಅದಕ್ಕೆ ಎರಡೇ ವರ್ಷ ಹಿಂದೆ, 1637ರಲ್ಲಿ, ರೋಮ್ ನಗರದ ಧರ್ಮಪ್ರಚಾರ ಸಂಘವು ಆದಿಲಶಾಹಿ ರಾಜ್ಯಕ್ಕೆಂದೇ ಒಬ್ಬ ಪ್ರೇಷಿತ ಪ್ರತಿನಿಧಿಯನ್ನು ನೇಮಿಸಿತ್ತು. ಅವರು ಗೋವೆಯಲ್ಲಿ ಹುಟ್ಟಿ ರೋಮಿನಲ್ಲಿ ಓದಿದ ಮಥೇವುಸ್ ದೆ ಕಾಸ್ತ್ರೊ. ಲ್ಯಾಟಿನ್ ಸಂಪ್ರದಾಯದಲ್ಲಿ ಧರ್ಮಾಧ್ಯಕ್ಷ ಪದವಿಗೇರಿದ ಮೊದಲ ಭಾರತೀಯರು ಅವರೇ. ಗೋವೆಯ ಪೋರ್ಚುಗೀಸ್ ಅಧಿಕಾರಿಗಳಿಗೆ ಈ ನೇಮಕ ಹಿಡಿಸಲಿಲ್ಲ. ಅವರ ಆಯುಷ್ಯದ ಬಹುಭಾಗ ಈ ಜಗಳದಲ್ಲಿಯೇ ಸವೆಯಿತು. ಮೇಲಿನವರ ಅಧಿಕಾರದ ವ್ಯಾಜ್ಯಗಳಲ್ಲಿ ಹಳ್ಳಿಯ ವಿಶ್ವಾಸಿಗಳು ಅನಾಥರಾಗುವುದನ್ನು ನಮ್ಮ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಅದನ್ನು ಇಲ್ಲಿ ಬೆಳೆಸುವುದು ಬೇಡ.

ಆದಿಲಶಾಹಿ ರಾಜ್ಯದ ಇನ್ನೊಂದು ಅಂಚಿನಲ್ಲಿ, ಇಂದಿನ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ, ಆ ಕಾಲದಿಂದಲೂ ಒಂದು ಕಥೋಲಿಕ ಸಮುದಾಯವಿದೆ. ವಿಜಾಪುರದ ಸುಲ್ತಾನರಿಂದ ಅವರ ಗುಡಿಗೆ ದತ್ತಿ ದೊರೆತಿತ್ತೆಂದು ಪರಂಪರೆ ಹೇಳುತ್ತದೆ. ರಾಜ್ಯಗಳು ಬಿದ್ದವು, ಎದ್ದವು. ಗುರುಗಳು ಬಂದರು, ಹೋದರು. ಜಪ ಮಾತ್ರ ನಿಲ್ಲಲಿಲ್ಲ. ಗುರುಗಳು ವರ್ಷಕ್ಕೊಮ್ಮೆ ಬಂದರೆ ಹೆಚ್ಚು ಎನ್ನುವಂಥ ಕಡೆ ಮಕ್ಕಳಿಗೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸಿದವರು ತಾಯಂದಿರು, ಹಿರಿಯರು, ಉಪದೇಶಿಗಳೆಂದು ಬೇರೆ ಹೇಳಬೇಕಾಗಿಲ್ಲ.

ದಕ್ಷಿಣದ ಕಡೆ ಮೈಸೂರು ಸೀಮೆಯಲ್ಲಿ ಯೇಸುಸಭೆಯ ಇಟಲಿಯ ಗುರು ಲಿಯೊನಾರ್ದೊ ಚಿನ್ನಾಮಿಯವರು 1648ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಸೇವೆ ಆರಂಭಿಸಿದರು. ಕನ್ನಡ ಕಲಿತು ಕನ್ನಡದಲ್ಲಿ ಜ್ಞಾನೋಪದೇಶ ಬರೆದರು. ಮುಂದೆ 1773ರಲ್ಲಿ ಯೇಸುಸಭೆಯನ್ನೇ ಪರಮಗುರುಗಳು ವಿಸರ್ಜಿಸಿದಾಗ ಈ ಸೀಮೆಯ ಗುರುಗಳ ಸಂಖ್ಯೆ ಬತ್ತಿತು. ಅನಂತರ ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯವರು ಹೊಣೆ ಹೊತ್ತರು. 1799ರ ತರುವಾಯ ಮೈಸೂರಿಗೆ ಬಂದ ಅಬ್ಬೆ ದ್ಯುಬುವಾ, ಜನರ ಬಾಯಲ್ಲಿ ‘ದೊಡ್ಡಸ್ವಾಮಿಯವರು’, ಚದರಿಹೋದ ವಿಶ್ವಾಸಿಗಳನ್ನು ಒಗ್ಗೂಡಿಸಲು ಶ್ರಮಿಸಿದರೆಂಬುದು ಪ್ರಸಿದ್ಧ. ಚದರಿದವರು ಒಗ್ಗೂಡಬೇಕಾದರೆ ಅವರಲ್ಲಿ ವಿಶ್ವಾಸ ಉಳಿದಿರಬೇಕಷ್ಟೆ. ಅದನ್ನು ಉಳಿಸಿದವರಾರೆಂಬ ಪ್ರಶ್ನೆಯನ್ನು ಚರಿತ್ರಕಾರರು ಕೇಳುವುದು ಅಪರೂಪ.

ಇದು ನಮ್ಮ ನಾಡಿನದೊಂದೇ ಕಥೆಯಲ್ಲ. ಜಪಾನಿನ ನಾಗಸಾಕಿಯಲ್ಲಿ ಎರಡು ಶತಮಾನಕ್ಕೂ ಮಿಕ್ಕಿ ಗುರುಗಳೇ ಇಲ್ಲದೆ ಗುಟ್ಟಾಗಿ ವಿಶ್ವಾಸ ಉಳಿಸಿಕೊಂಡಿದ್ದ ಜನ 1865ರಲ್ಲಿ ಫ್ರೆಂಚ್ ಗುರುಗಳೊಬ್ಬರ ಮುಂದೆ ತಾವಾಗಿಯೇ ಪ್ರಕಟವಾದರು. ನಮಗೆ ಇನ್ನೂ ಹತ್ತಿರದವರು ಸಂತ ಜೋಸೆಫ್ ವಾಜ್. ಗೋವೆಯ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಇವರು ಮೊದಲು ಕೆನರಾ ಪ್ರಾಂತದಲ್ಲಿ ದುಡಿದು, 1687ರಲ್ಲಿ ಸಿಂಹಳಕ್ಕೆ ಹೋದರು. ಡಚ್ಚರ ಆಳ್ವಿಕೆಯಿಂದಾಗಿ ಅಲ್ಲಿಯ ಕಥೋಲಿಕರು ಸುಮಾರು ಮೂವತ್ತು ವರ್ಷ ಗುರುಗಳನ್ನು ಕಂಡಿರಲಿಲ್ಲ. ವಾಜ್‌ರವರು ಊರೂರಿಗೆ ಹೋಗಿ, ಅಲ್ಲಲ್ಲಿಯ ಶ್ರೀಸಾಮಾನ್ಯ ಮುಖಂಡರಿಗೆ ಪ್ರಾರ್ಥನೆ ನಡೆಸುವ, ಮಕ್ಕಳಿಗೆ ಕಲಿಸುವ, ರೋಗಿಗಳನ್ನು ನೋಡುವ ಹೊಣೆ ಒಪ್ಪಿಸಿದರು. 1711ರಲ್ಲಿ ಕ್ಯಾಂಡಿಯಲ್ಲಿ ಅವರು ತೀರಿಕೊಂಡ ಮೇಲೂ ಆ ಏರ್ಪಾಡು ನಿಂತಿತು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ನಮ್ಮಲ್ಲಿಯೂ ಸಂಭ್ರಮವಿತ್ತು. ಆದರೆ ಅವರ ಈ ಏರ್ಪಾಡಿನ ಮಾತನ್ನು ಎತ್ತಿದವರು ಕಡಿಮೆ.

ಇನ್ನು ನಮ್ಮ ಬಯಲಿಗೆ ಮರಳೋಣ. ಪುಣೆಯು 1854ರಲ್ಲಿ ಪ್ರತ್ಯೇಕ ಪ್ರೇಷಿತ ಪ್ರಾಂತವಾಗಿ, 1886ರಲ್ಲಿ ಧರ್ಮಪ್ರಾಂತವಾಯಿತು. ಬಹುಪಾಲು ಜರ್ಮನ್ ಯೇಸುಸಭೆಯ ಗುರುಗಳು ಅದನ್ನು ನಡೆಸುತ್ತಿದ್ದರು. ಅದೇ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಿರುದಾರಿ ಈ ಭಾಗಕ್ಕೆ ಬಂದಿತು. ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳ, ಮೀರಜ ಎಂದು ಸಾಲಾಗಿ ನಿಲ್ದಾಣಗಳು ಎದ್ದವು. ರೈಲಿನೊಡನೆ ರೈಲಿನ ನೌಕರರು ಬಂದರು. ಅವರಲ್ಲಿ ಕೊಂಕಣಿ, ತಮಿಳು, ಇಂಗ್ಲಿಷ್ ಮಾತನಾಡುವ ಕಥೋಲಿಕರಿದ್ದರು. ಎಲ್ಲೋ ದೂರದಿಂದ ರೈಲಿನಲ್ಲಿ ಬಂದ ಗುರುಗಳು ಬಲಿಪೂಜೆ ಅರ್ಪಿಸಿ ಮುಂದಿನ ರೈಲಿಗೆ ಹೊರಡುವರು. ಮುಂದಿನ ಭೇಟಿಯವರೆಗೆ ಭಾನುವಾರದ ಜಪಸರ, ಲಿತಾನಿ ನಡೆಸುವುದು ಮನೆಯವರ ಪಾಲಿಗೆ.

1914ರಲ್ಲಿ ಪ್ರಥಮ ಮಹಾಯುದ್ಧ ಆರಂಭವಾದಾಗ ಈ ಜರ್ಮನ್ ಗುರುಗಳು ಒಂದೇ ಏಟಿಗೆ ಶತ್ರುದೇಶದವರಾದರು. ಅವರನ್ನು ಬಂಧನದಲ್ಲಿಟ್ಟು ಬಳಿಕ ಸ್ವದೇಶಕ್ಕೆ ಸಾಗಿಸಲಾಯಿತು. ಪುಣೆಯ ಧರ್ಮಾಧ್ಯಕ್ಷರಾಗಿದ್ದ ಹೆನ್ರಿಕ್ ಡೋರಿಂಗ್ ಅವರಂತೂ ಜಪಾನಿನ ಹಿರೋಶಿಮಾದಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿ 1927ರಲ್ಲಷ್ಟೇ ಪುಣೆಗೆ ಮರಳಿದರು. ಇಡೀ ಧರ್ಮಪ್ರಾಂತ ಗುರುಗಳಿಲ್ಲದೆ ಸೊರಗಿದ ಆ ವರ್ಷಗಳಲ್ಲಿ ದೂರದ ಸಣ್ಣ ಸಮುದಾಯಗಳ ಪಾಡೇನಾಗಿರಬೇಕು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

1953ರ ಸೆಪ್ಟೆಂಬರ್ 19ರಂದು ಗೋವೆಯ ಮಹಾಧರ್ಮಪ್ರಾಂತ ಹಾಗೂ ಪುಣೆಯ ಧರ್ಮಪ್ರಾಂತಗಳಿಂದ ಭಾಗಗಳನ್ನು ತೆಗೆದು ಬೆಳಗಾವಿ ಧರ್ಮಪ್ರಾಂತವನ್ನು ಸ್ಥಾಪಿಸಲಾಯಿತು. ಪೂಜ್ಯ ಮೈಕೆಲ್ ರೊಡ್ರಿಗಸ್ ಅವರು ಪ್ರಥಮ ಧರ್ಮಾಧ್ಯಕ್ಷರು. ಅವರ ತರುವಾಯ ಬಂದ ಪೂಜ್ಯ ಇಗ್ನೇಷಿಯಸ್ ಲೋಬೊ ಅವರು 1994ರವರೆಗೆ, ಕಾಲು ಶತಮಾನಕ್ಕೂ ಹೆಚ್ಚು ಕಾಲ, ಮುನ್ನಡೆಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962–65) ನಿರ್ಣಯಗಳು ಕಾಗದದಿಂದ ಪೀಠಕ್ಕೆ ಇಳಿದುದು ಅವರ ಕಾಲದಲ್ಲಿಯೇ.

ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯ ಸಂವಿಧಾನವನ್ನೂ, 1965ರ ನವೆಂಬರ್ 18ರಂದು ಶ್ರೀಸಾಮಾನ್ಯರ ಪ್ರೇಷಿತ ಕಾರ್ಯದ ಆಜ್ಞಾಪತ್ರವನ್ನೂ ಹೊರಡಿಸಿತು. ದೊಡ್ಡ ನಗರಗಳಲ್ಲಿ ಇವನ್ನು ಕುರಿತು ಉಪನ್ಯಾಸಗಳಾದವು. ನಮ್ಮ ಕಡೆ ಇದರ ಅರ್ಥ ಒಂದೇ ಮಾತಿನಲ್ಲಿ ತಿಳಿಯಿತು: ಇನ್ನು ಮುಂದೆ ಪೂಜೆ ನಮ್ಮ ಮಾತಿನಲ್ಲಿ. ಲ್ಯಾಟಿನ್ ಪೂಜೆಯನ್ನು ಕಂಡ ಹಿರಿಯರಿಗೆ ನೆನಪಿರಬಹುದು. ಪೀಠದಲ್ಲಿ ಗುರುಗಳು ಬೆನ್ನು ತಿರುಗಿಸಿ ಪೂಜೆ ಅರ್ಪಿಸುತ್ತಿದ್ದರೆ ಇತ್ತ ಜನ ತಮ್ಮ ಪಾಡಿಗೆ ಜಪಸರ ಹೇಳುತ್ತಿದ್ದರು. ಆಗ ವಾಚಕನ ಅಗತ್ಯವೇ ಇರಲಿಲ್ಲ. ಮಾತೃಭಾಷೆಯ ಪೂಜೆ ಬಂದೊಡನೆ ಓದುವವರು ಬೇಕಾದರು, ಹಾಡುವವರು ಬೇಕಾದರು, ಭಕ್ತಾದಿಗಳ ಪ್ರಾರ್ಥನೆ ಬರೆಯುವವರು ಬೇಕಾದರು.

ಆದರೆ ಯಾವ ಮಾತು? ಗಡಿನಾಡಿನವರ ಕಷ್ಟ ಇದು. ನಿಪ್ಪಾಣಿಯ ಪೇಟೆಯಲ್ಲಿ ಮರಾಠಿ, ರಾಯಬಾಗದ ಹೊಲದಲ್ಲಿ ಕನ್ನಡ, ಗೋವೆಯ ಮೂಲದವರ ಮನೆಯಲ್ಲಿ ಕೊಂಕಣಿ, ಶಾಲೆಯ ಸಿಸ್ಟರುಗಳಲ್ಲಿ ಅನೇಕರಿಗೆ ಮಲಯಾಳ. ಬೇರೆಡೆ ಭಾಷೆಯ ಹೆಸರಿನಲ್ಲಿ ಧರ್ಮಸಭೆಯೊಳಗೇ ಮನಸ್ತಾಪಗಳಾದುದುಂಟು. ಮೊದಲ ವಾಚನ ಕನ್ನಡದಲ್ಲಿ, ಎರಡನೆಯದು ಮರಾಠಿಯಲ್ಲಿ, ಕೊನೆಯ ಹಾಡು ಕೊಂಕಣಿಯಲ್ಲಿ ಎಂಬಂಥ ಏರ್ಪಾಡನ್ನು ನೋಡಿ ಕೆಲವರು ನಗುವುದುಂಟು. ನಮಗೇನೋ ಅದರಲ್ಲಿ ನಗುವಂಥದು ಕಾಣದು. ತನ್ನ ಮನೆಮಾತಲ್ಲದ ಭಾಷೆಯ ವಾಚನವನ್ನು ಶನಿವಾರ ರಾತ್ರಿ ನಾಲ್ಕು ಸಲ ಓದಿ ನಾಲಿಗೆ ತಿದ್ದಿಕೊಂಡು ಬರುವ ವಾಚಕನ ಶ್ರಮವನ್ನು ತಪಸ್ಸೆಂದೇ ಕರೆಯಬೇಕು.

1972ರಲ್ಲಿ ಪರಮಗುರು ಆರನೆಯ ಪೌಲರು ಗುರುಪಟ್ಟದ ಮೆಟ್ಟಿಲುಗಳಾಗಿದ್ದ ಕಿರಿಯ ಪಟ್ಟಗಳನ್ನು ತೆಗೆದು, ವಾಚಕ ಹಾಗೂ ಪೀಠಸೇವಕ ಎಂಬ ಎರಡು ಸೇವೆಗಳನ್ನು ಶ್ರೀಸಾಮಾನ್ಯರಿಗೂ ತೆರೆದರು. ಮರುವರ್ಷ, ಗುರುಗಳು ಸಾಲದ ಕಡೆ ವಿಶ್ವಾಸಿಗಳೇ ಪರಮ ಪ್ರಸಾದವನ್ನು ಹಂಚಲೂ ರೋಗಿಗಳಿಗೆ ಒಯ್ಯಲೂ ಅನುಮತಿ ದೊರೆಯಿತು. ವಿಧಿಪೂರ್ವಕ ವಾಚಕ ಸೇವೆಯನ್ನು ಸ್ತ್ರೀಯರಿಗೂ ಕೊಡಬಹುದೆಂದು ತೀರ್ಮಾನವಾಗಲು 2021 ಬರಬೇಕಾಯಿತು. ವಾಸ್ತವದಲ್ಲಿ ಅಷ್ಟು ಹೊತ್ತಿಗೆ ನಮ್ಮ ಗುಡಿಗಳಲ್ಲಿ ಹೆಣ್ಣುಮಕ್ಕಳು ದಶಕಗಳಿಂದ ವಾಚನ ಓದುತ್ತಿದ್ದರು. ನಿಯಮ ಅವರ ಹಿಂದೆ ಏದುತ್ತ ಬಂದಿತು ಎನ್ನಬಹುದು.

ಸಂಘಗಳ ವಿಷಯ ಸ್ವಲ್ಪ ಹೇಳಬೇಕು. ಪ್ಯಾರಿಸ್ಸಿನಲ್ಲಿ 1833ರಲ್ಲಿ ಫ್ರೆಡರಿಕ್ ಓಜಾನಾಂ ಎಂಬ ಇಪ್ಪತ್ತರ ಹರೆಯದ ವಿದ್ಯಾರ್ಥಿ ಗೆಳೆಯರೊಡನೆ ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾಲ್ ಸಭೆ, ಡಬ್ಲಿನ್ ನಗರದಲ್ಲಿ 1921ರಲ್ಲಿ ಫ್ರಾಂಕ್ ಡಫ್ ಆರಂಭಿಸಿದ ಮರಿಯಮ್ಮನ ಸೇನೆ, ಎರಡನ್ನೂ ಕಟ್ಟಿದವರು ಶ್ರೀಸಾಮಾನ್ಯರೇ. ವಿನ್ಸೆಂಟ್ ಸಭೆಯವರು ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗುತ್ತಾರೆ. ಸಭೆಯ ಕೊನೆಗೆ ಒಂದು ಚೀಲ ಸುತ್ತುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯದು. ಸೇನೆಯವರಿಗೆ ಇದಕ್ಕೆ ವಿರುದ್ಧವಾದ ಕಟ್ಟಳೆ: ಹಣ, ಧಾನ್ಯ, ಬಟ್ಟೆ ಏನನ್ನೂ ಕೊಡುವಂತಿಲ್ಲ, ಹೋಗಿ ಕುಳಿತು, ಕೇಳಿ, ಪ್ರಾರ್ಥಿಸಿ ಬರಬೇಕು. ನಿಪ್ಪಾಣಿಯಂಥ ತಂಬಾಕಿನ ಪೇಟೆಯಲ್ಲಿ ಬೀಡಿ ಕಟ್ಟುವ ಹೆಂಗಸಿನ ಮನೆಗೆ ಬರಿಗೈಯಲ್ಲಿ ಹೋಗಿ ಅರ್ಧ ಗಂಟೆ ಕುಳಿತು ಬರುವುದು, ಐದು ಸೇರು ಜೋಳ ಕೊಟ್ಟು ಬರುವುದಕ್ಕಿಂತ ಕಷ್ಟವೆಂದು ನಮ್ಮ ಅಭಿಪ್ರಾಯ. ಒಪ್ಪದವರು ಒಮ್ಮೆ ಹೋಗಿ ನೋಡಬಹುದು.

ಸೇವೆ ಗುಡಿಯ ಅಂಗಳದಲ್ಲಿಯೇ ನಿಂತರೆ ಸಾಲದೆಂಬುದನ್ನು ಈ ಸೀಮೆಗೆ ನದಿಗಳೇ ಕಲಿಸಿವೆ. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ದಡದ ಊರುಗಳಿಗೆ ನುಗ್ಗಿದವು. ಯಮಗರ್ಣಿಯ ಬಳಿ ಹೆದ್ದಾರಿಯೇ ಮುಳುಗಿ ಸಂಚಾರ ನಿಂತಿತು. ಅಂಥ ದಿನಗಳಲ್ಲಿ ರೊಟ್ಟಿ ಬಡಿಯುವ ಕೈ ಯಾವ ಮತದ್ದೆಂದು ಕೇಳುವವರಿಲ್ಲ.

ಕಡೆಯದಾಗಿ ಉಪದೇಶಿಗಳ ಜೀವನೋಪಾಯದ ಮಾತು, ಅಪ್ರಿಯವಾದರೂ ಹೇಳಬೇಕಾದುದು. 1983ರ ಧರ್ಮಸಭಾ ಕಾನೂನು ಉಪದೇಶಿಗಳ ಸ್ಥಾನವನ್ನು ಗುರುತಿಸಿ, ಕಾಯಂ ಆಗಿ ಸೇವೆಗೆ ನಿಂತ ಶ್ರೀಸಾಮಾನ್ಯರಿಗೆ ಕುಟುಂಬ ಸಾಗಿಸಲು ತಕ್ಕ ಸಂಭಾವನೆ ಪಡೆಯುವ ಹಕ್ಕಿದೆ ಎನ್ನುತ್ತದೆ. ಸ್ವಯಂಸೇವೆಯೆಂಬ ಮಾತು ದೊಡ್ಡದು. ಆದರೆ ಮಳೆಗಾಲದಲ್ಲಿ ಕೆಸರು ತುಳಿದು ಹಳ್ಳಿಯಿಂದ ಹಳ್ಳಿಗೆ ಹೋಗುವವನ ಹೆಂಡತಿ-ಮಕ್ಕಳ ಊಟವನ್ನು ಆ ಮಾತಿನ ಮರೆಯಲ್ಲಿ ಮರೆತಿರುವುದು ಉಂಟೇ ಎಂದು ನಾವು ಆತ್ಮಶೋಧನೆ ಮಾಡಿಕೊಳ್ಳಬೇಕು. 2021ರ ಮೇ 10ರಂದು ಪರಮಗುರು ಫ್ರಾನ್ಸಿಸರು ಉಪದೇಶಿಯ ಸೇವೆಯನ್ನು ವಿಧಿಪೂರ್ವಕವಾದ ಸೇವೆಯಾಗಿ ಸ್ಥಾಪಿಸಿದರು. ಧರ್ಮಾಧ್ಯಕ್ಷರೇ ಪೂಜೆಯಲ್ಲಿ ಅದನ್ನು ಪ್ರದಾನ ಮಾಡುತ್ತಾರೆ. ಈ ಗೌರವವನ್ನು ನೋಡದೆಯೇ ಹೋದವರು ಎಷ್ಟು ಮಂದಿಯೋ!

ವಾಚಕ ಬಾಂಧವರಲ್ಲಿ ಒಂದು ವಿಜ್ಞಾಪನೆ. ಹಳೆಯ ಉಪದೇಶಿಗಳ, ಗಂಟೆ ಬಾರಿಸಿದವರ, ಹಾಡು ಕಲಿಸಿದವರ ಹೆಸರು, ಊರು, ಅವರು ನಡೆದ ದಾರಿ ನಿಮ್ಮ ಮನೆಯ ಹಿರಿಯರಿಗೆ ನೆನಪಿದ್ದರೆ ಕೇಳಿ ಬರೆದುಕೊಂಡು ಧರ್ಮಕೇಂದ್ರದ ಕಚೇರಿಗೆ ತಲುಪಿಸಬೇಕು. ಮರಾಠಿಯಲ್ಲಿ ಬರೆದರೂ ಸರಿಯೇ. ಓದಿ ಹೇಳುವವರು ನಮ್ಮಲ್ಲಿ ಇದ್ದಾರೆ.